ಹತ್ತು ಗುಂಟೆ

ಅರಸೀಕೆರೆ ಜಂಕ್ಷನ್ನಿನ ಹೊರಸಿಗ್ನಲ್ ದಾಟಿದರೆ ನಮ್ಮ ಕಾರ್ಖಾನೆ.
ಕೊಬ್ಬರಿ ತೆಗೆದು ಬಿಸಾಕಿದ ಕರಟ
ಲಾರಿಗಟ್ಟಲೆ ಬರುತ್ತೆ, ಇದ್ದಿಲಾಗುತ್ತೆ,
ಒಂಬೈನೂರು ಡಿಗ್ರಿಯ ಹಬೆ ಕುಡಿದು
ಮೈಯೆಲ್ಲ ಕಣ್ಣಿಗೆ ಕಾಣದ ತೂತಾಗುತ್ತೆ.
ನನ್ನದು ಪರೀಕ್ಷೆಯ ಕೋಣೆ:
ಒಂದು ತಕ್ಕಡಿ, ಒಂದು ಪುಟ್ಟ ಕುಲುಮೆ,
ಸುಟ್ಟ ಮೇಲೆ ಉಳಿದ ಬೂದಿ ಎಷ್ಟೆಂದು ಬರೆಯುವ ಪುಸ್ತಕ.

ಕೊಳ್ಳುವವರು ನೀರಿನ ಫಿಲ್ಟರಿನವರು, ಸಕ್ಕರೆಯವರು,
ಒಮ್ಮೊಮ್ಮೆ ಚಿನ್ನದವರು.
ಮಾಘದಲ್ಲಿ ಬಂದ ಫೌಜಿಯ ಮೇಡಂ ಮಾತ್ರ
ದರ ಕೇಳುವ ಮೊದಲೇ ಕೇಳಿದರು:
"ಈ ಕರಟದ ಮರಕ್ಕೆ ಏನು ಗೊಬ್ಬರ ಹಾಕಿದ್ದರು?"

ಬಂಡೆ ಉಸಿರು ಬಿಡುತ್ತಂತೆ.
ನಾನು ಚಿಕ್ಕಂದಿನಿಂದ ಹತ್ತಿಳಿದ ಜೇನುಕಲ್ಲು ಬೆಟ್ಟವೂ.
ರೇಡಾನ್ ಎಂದು ಅದರ ಹೆಸರು.
ಬಣ್ಣವಿಲ್ಲ, ವಾಸನೆಯಿಲ್ಲ, ಯಾರ ಜೊತೆಗೂ ನಂಟಿಲ್ಲ.
ಮೇಡಂ ಕಡೆಯವರು ನೆಲದಡಿ ಒಂದು ಮೈಲಿ ಇಳಿದು
ಯಾವುದೋ ಕಣವೊಂದು ತಟ್ಟೀತೆಂದು ಕೂತಿದ್ದಾರೆ.
ವರ್ಷಕ್ಕೊಮ್ಮೆ ತಟ್ಟಿದರೆ ಹೆಚ್ಚು.
ಈ ರೇಡಾನು ಬಾಗಿಲಿಲ್ಲದ ಕಡೆಯೂ ನುಗ್ಗಿ
ಸಾಯುತ್ತ ಸಾಯುತ್ತ ಪಟಪಟ ಸದ್ದು ಮಾಡುತ್ತೆ.

"ನಮ್ಮ ಇದ್ದಿಲು ಅದನ್ನ ಹಿಡಿಯುತ್ತಾ?"
"ಹಿಡಿಯಲ್ಲ. ತಡ ಮಾಡಿಸುತ್ತೆ, ಅಷ್ಟೆ."

ಹಾಲಮ್ಮನಿಗೆ ಬಲಗಿವಿಯಲ್ಲೇ ಹೇಳಬೇಕು.
ಜರಡಿ ಯಂತ್ರಕ್ಕೆ ಎಡಗಿವಿ ಕೊಟ್ಟು ಹನ್ನೊಂದು ವರ್ಷ ನಿಂತವಳು.
ಕೂಗಿ ಹೇಳಿದೆ:
ಒಂದು ಪ್ಯಾಸೆಂಜರ್ ಗಾಡಿ ಅಂದ್ಕೊ.
ತೂತಿಗೊಂದು ಸ್ಟೇಷನ್ನು, ಎಲ್ಲ ಕಡೆಯೂ ಕ್ರಾಸಿಂಗು.
ನಾಲ್ಕು ದಿನಕ್ಕೆ ಅರ್ಧ ಜನ ಖಾಲಿ,
ಇನ್ನು ನಾಲ್ಕಕ್ಕೆ ಉಳಿದವರಲ್ಲರ್ಧ.
ತಿಂಗಳ ಮೇಲೆ ಊರು ಮುಟ್ಟಿದಾಗ
ಇಳಿಯೋಕೆ ಒಬ್ಬನೂ ಇಲ್ಲ.
ಅವಳು ನಗಲಿಲ್ಲ. "ಎಲ್ಲೋದ್ರು ಅವರೆಲ್ಲ?"
"ಸೀಸ ಆಗಿ ದಾರೀಲೇ ಕೂತ್ರು."

ಆದರೆ ಇದ್ದಿಲೂ ಮಣ್ಣಿನ ಮಗುವೇ.
ಬೇರು ಹೀರಿದ್ದು ಕರಟದಲ್ಲೂ ಚೂರು ಉಳಿದಿರುತ್ತೆ,
ಅದೂ ಒಳಗಿಂದೊಳಗೆ ರೇಡಾನು ಬಿಡುತ್ತೆ;
ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.
ಅದಕ್ಕೇ ತೊಳೆದೆವು.
ಮೊದಲು ಕರಟ, ಮೂರು ನೀರು, ಅಕ್ಕಿ ತೊಳೆದಂತೆ.
ಆಮೇಲೆ ಇದ್ದಿಲು, ಆಸಿಡ್ಡಿನಲ್ಲಿ,
ಮತ್ತೆ ಬಟ್ಟಿಯಿಳಿಸಿದ ನೀರಲ್ಲಿ, ಏಳು ಸಲ.
ಹಾಲಮ್ಮನ ಕೈಗವಸು ತೂತಾಯಿತು. ಇನ್ನೊಂದು ಜೊತೆಗೆ
ಮ್ಯಾನೇಜರು ಸಹಿ ಹಾಕಲು ಎರಡು ದಿನ.

ಮೊದಲ ಚೀಲ ತೂಗುವಾಗ ಬಾಯಿ ತಡೆಯದೆ ಹೇಳಿದೆ,
"ಇದರ ತೂತೆಲ್ಲ ಬಿಡಿಸಿ ಹಾಸಿದರೆ
ಒಂದು ಗ್ರಾಮಿಗೆ ಹತ್ತು ಗುಂಟೆ ಜಾಗ, ಹಾಲಮ್ಮ."
ಅವಳು ಜರಡಿ ನಿಲ್ಲಿಸಿದಳು.
"ಚೀಲಕ್ಕೆ?"
ಇಪ್ಪತ್ತೈದು ಕಿಲೋ. ಪೆನ್ಸಿಲಿನಲ್ಲಿ ಗೋಡೆಯ ಮೇಲೆ ಮಾಡಿದೆ:
ಆರು ಸಾವಿರದ ಇನ್ನೂರೈವತ್ತು ಎಕರೆ.

ಗಂಡನ ಮನೆಯಲ್ಲೂ ತವರಲ್ಲೂ
ಅವಳ ಹೆಸರಿಗೆ ಒಂದು ಬದುವಿನಷ್ಟು ಇಲ್ಲ.
ಎರಡು ಬೆರಳಲ್ಲಿ ಒಂದು ಚಿಟಿಕೆ ಎತ್ತಿ
ತಕ್ಕಡಿಗೆ ಹಾಕಿದಳು: ಒಂದು ಗ್ರಾಂ, ತುಸು ಹೆಚ್ಚು.
ಹೆಚ್ಚಾದದ್ದನ್ನು ಚೀಲಕ್ಕೆ ಹಿಂದಿರುಗಿಸಿದಳು.
ಉಳಿದದ್ದು ಕಾಗದದಲ್ಲಿ ಮಡಿಸಿ ಎಲೆಯಡಿಕೆ ಚೀಲಕ್ಕೆ.
"ಪಾಣಿ ಮಾಡಿಸ್ಬೇಡ," ಅಂದಳು.
ತೂಕದ ಚೀಟಿಯಲ್ಲಿ ಒಂದು ಗ್ರಾಂ ಕಳೆದೇ ಬರೆದೆ.

ಕಾರ್ತೀಕದಲ್ಲಿ ಮೇಡಂ ಫೋನು ಮಾಡಿದರು.
ದಿನಕ್ಕೆ ನೂರಾರು ಇದ್ದ ಸದ್ದು ಈಗ ಎರಡಕ್ಕೆ ಇಳಿದಿದೆ,
ನಿಮ್ಮವರಿಗೆಲ್ಲ ಹೇಳಿ.
"ನೀವು ಕಾಯ್ತಿದ್ದದ್ದು ಬಂತಾ?" ಕೇಳಿದೆ.
"ಇಲ್ಲ," ಅಂದರು. ದನಿಯಲ್ಲಿ ಬೇಜಾರಿರಲಿಲ್ಲ.
"ಆದರೆ ಬಂದಿಲ್ಲ ಅನ್ನೋದು ಈಗ ನಿಜವಾಗಿ ಗೊತ್ತು."

ಹಾಲಮ್ಮನ ಬಲಗಿವಿಗೆ ಅದನ್ನೂ ಕೂಗಿದೆ:
ಅಲ್ಲೀಗ ನಿನ್ನ ಎಡಗಿವಿಯ ಥರ, ಏನೂ ಕೇಳಲ್ಲವಂತೆ.
"ಹಂಗಲ್ಲ ಬಿಡು ಜೇನಕಲ್ಲಪ್ಪ,
ನನ್ನದು ರಾತ್ರಿಯೆಲ್ಲ ಗುಂಯ್ ಅಂತೈತೆ,"
ಅಂದು ಜರಡಿಯ ಸ್ವಿಚ್ಚು ಹಾಕಿದಳು.